ರೊಟ್ಟಿ ಹಂಚಿನ ಮೇಲೆ ಹುರಿದ ಚಾ, ಕೆಂಪು ಬಾಳೆಹಣ್ಣಿನ ಬ್ರೆಡ್

ಮಗಳು ಬೆಂಗಳೂರಿನಲ್ಲಿ ಜಪಾನಿನವರ ಜೊತೆ ಕೆಲಸ ಮಾಡುತ್ತಾಳೆ. ದೀಪಾವಳಿಗೆ ಕಲಬುರಗಿಗೆ ಬಂದಾಗ ಒಂದು ಪುಟ್ಟ ಪೊಟ್ಟಣ ತಂದಿದ್ದಳು. ಒಳಗೆ ಕಂದು ಎಲೆ, ನಡುನಡುವೆ ಕಡ್ಡಿ. ಮೂಸಿದರೆ ಹುರಿದ ಶೇಂಗಾದ ವಾಸನೆ. "ಇದು ಹೋಜಿಚಾ ಮಮ್ಮಿ. ಹೋಜಿ ಅಂದ್ರ ಹುರಿಯೋದು, ಚಾ ಅಂದ್ರ ಚಾನೇ" ಅಂದಳು. ನಮ್ಮ ಕಡೆ ಮೊದಲಿಂದಲೂ ಚಾ ಅಂತಲೇ ಅನ್ನುವುದು. ಅರ್ಧ ಹೆಸರು ಆಗಲೇ ಗೊತ್ತಿತ್ತು ಅಂದಂತಾಯಿತು.

ಬಾಳೆಹಣ್ಣಿನ ಬ್ರೆಡ್ಡಿಗೆ ಹಾಕುತ್ತಾ ಹೋದೆ, ಆ ಪೊಟ್ಟಣ ನಾಲ್ಕು ಬ್ರೆಡ್ಡಿಗೆ ಮುಗಿಯಿತು. ಮತ್ತೆ ತರಿಸೋಣ ಅಂದರೆ ಬೆಲೆ ನೋಡಿ ಸುಮ್ಮನಾದೆ. ಆಮೇಲೆ ತಲೆಗೆ ಹೊಳೆಯಿತು. ಇದು ಹುರಿದ ಗ್ರೀನ್ ಟೀ ತಾನೇ? 1920ರ ಸುಮಾರಿಗೆ ಕ್ಯೋಟೊದ ವ್ಯಾಪಾರಿಗಳು ಬಲಿತ ಎಲೆ, ದಂಟುಗಳನ್ನು ಕೆಂಡದ ಮೇಲೆ ಹುರಿದು ಮಾರಲು ಶುರು ಮಾಡಿದ್ದು ಇದನ್ನೇ. ಮನೆಯಲ್ಲಿ ಹುರಿಯುವವರಿಗೆ ಅಲ್ಲಿ ಹೋರೊಕು ಅಂತ ಪುಟ್ಟ ಮಣ್ಣಿನ ಪಾತ್ರೆಯೂ ಇದೆ. ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತು ಕಾಯುವ ಹಂಚು ಇದೆಯಲ್ಲ, ಅದೇ ಸಾಕು.

ಹಂಚು ಅಂದರೆ ಜೋಳದ ರೊಟ್ಟಿ ಹಂಚು, ದೋಸೆ ಕಾವಲಿ ಅಲ್ಲ. ರೊಟ್ಟಿಗೆ ನಾವು ನೀರು ಸವರುತ್ತೇವೆ, ಎಣ್ಣೆ ಮುಟ್ಟಿಸುವುದಿಲ್ಲ. ಹಾಗಾಗಿ ಹಂಚಿಗೆ ಜಿಡ್ಡಿನ ವಾಸನೆ ಇರುವುದಿಲ್ಲ. ದೋಸೆ ಕಾವಲಿಯಲ್ಲಿ ಹುರಿದರೆ ಚಾ ಎಣ್ಣೆ ಕುಡಿದು ಕೆಡುತ್ತದೆ. ಬಿಡಿ ಎಲೆಯ ಗ್ರೀನ್ ಟೀ ತನ್ನಿ. ಜಪಾನಿನ ಸೆಂಚಾ ಅಥವಾ ಬಾಂಚಾ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನಮ್ಮ ದೇಶದ ಸಾದಾ ಎಲೆಯೂ ನಡೆಯುತ್ತದೆ, ರುಚಿ ಸ್ವಲ್ಪ ಬೇರೆ ಅಷ್ಟೆ. ಪೊಟ್ಟಣದ ಹಿಂದೆ ಓದಿ. ನಾನು ಒಮ್ಮೆ ಓದದೆ ತಂದಿದ್ದೆ, ಅದರಲ್ಲಿ ನಿಂಬೆ ಸುವಾಸನೆ ಬೆರೆಸಿದ್ದರು. ಹುರಿದಾಗ ಇಡೀ ಮನೆ ಪಾತ್ರೆ ತೊಳೆಯುವ ಸೋಪಿನಂತೆ ನಾರಿತು.

ಈಗ ಹುರಿಯುವುದು. ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಒಂದು ಹನಿ ನೀರು ಚಿಮುಕಿಸಿ. ರೊಟ್ಟಿಗಾದರೆ ಹನಿ ಚುರ್ ಅಂತ ಕುಣಿಯಬೇಕು. ಚಾಗೆ ಹಾಗಲ್ಲ, ಹನಿ ಅಲ್ಲೇ ಕೂತು ಮೆಲ್ಲಗೆ ಆರಬೇಕು. ಹಂಚು ಪೂರ್ತಿ ಒಣಗಿದ ಮೇಲೆ ನಾಲ್ಕು ದೊಡ್ಡ ಚಮಚ ಎಲೆ ಹಾಕಿ, ಒಣ ಬಟ್ಟೆಯಿಂದಲೋ ಮರದ ಸೌಟಿನಿಂದಲೋ ಕೈ ಬಿಡದೆ ಆಡಿಸಿ. ಮೊದಲು ಹಸಿ ಹುಲ್ಲಿನ ವಾಸನೆ. ಎರಡು ಮೂರು ನಿಮಿಷಕ್ಕೆ ಅದು ಹೋಗಿ ಒಣ ಮೇವಿನ ವಾಸನೆ ಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಪುಟಾಣಿ ಹುರಿದಂಥ ಘಮ. ಎಲೆ ಹಸಿರು ಬಿಟ್ಟು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲೇ ನಿಲ್ಲಿಸಿ. ಉರಿ ಆರಿಸಿದರೆ ಸಾಲದು, ಕೂಡಲೇ ತಟ್ಟೆಗೆ ಸುರಿಯಬೇಕು. ಕಬ್ಬಿಣ ಕಾವು ಬಿಡುವುದಿಲ್ಲ. ಮೊದಲ ಸಲ ನಾನು ಹಂಚಿನಲ್ಲೇ ಬಿಟ್ಟು ಬಾಗಿಲಿಗೆ ಹೋದೆ, ಬರುವಷ್ಟರಲ್ಲಿ ಕರಿ. ಆ ಬ್ರೆಡ್ ಒಲೆಯ ಹೊಗೆ ತಿಂದ ಹಾಗಿತ್ತು. ಅತ್ತೆ ಆವತ್ತು ಅಡುಗೆಮನೆಗೆ ಇಣುಕಿ, "ಏನವಾ, ಹಂಚಿನ್ಯಾಗ ಚಾಪುಡಿ ಹುರಿಲಾಕತ್ತಿದಿ? ಜೋಳ ಮುಗದಾವೇನು?" ಅಂದರು.

ಎಲೆ ಆರಿದ ಮೇಲೆ ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡಿ, ಮೈದಾ ಜರಡಿಯಲ್ಲಿ ಸೋಸಿ. ಜರಡಿಯ ಮೇಲೆ ಉಳಿದ ತರಿಯನ್ನು ಬ್ರೆಡ್ಡಿಗೆ ಹಾಕಬೇಡಿ, ಬಾಯಿಗೆ ಮರಳು ಸಿಕ್ಕಂತೆ ಆಗುತ್ತದೆ. ಅದನ್ನು ಬಿಸಿ ನೀರಿಗೆ ಹಾಕಿ ಕುಡಿಯಿರಿ.

ಬಾಳೆಹಣ್ಣು ನಮ್ಮ ಕಲಬುರಗಿ ಜಿಲ್ಲೆಯ ಕಮಲಾಪುರದ್ದು. ಹುಮನಾಬಾದ್ ರಸ್ತೆಯಲ್ಲಿ ಹೋದವರು ಕಂಡಿರುತ್ತೀರಿ, ಕೆಂಪು ಸಿಪ್ಪೆಯ ದಪ್ಪ ಹಣ್ಣು. ಆ ಊರಿನದೇ ವಿಶೇಷ ಬೆಳೆ ಅಂತ ಗುರುತಿಸುವ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ತುಟ್ಟಿ, ನಿಜ. ಆದರೆ ತಿರುಳು ಗಟ್ಟಿ, ಬೆಣ್ಣೆಯಂತೆ ನುಣುಪು. ಇದನ್ನು ಅವಸರಕ್ಕೆ ಬಳಸಬೇಡಿ. ಸಿಪ್ಪೆ ಕೆಂಪಾಗಿದೆ ಅಂದರೆ ಹಣ್ಣಾಗಿದೆ ಅಂತಲ್ಲ. ಕಾಯಿಯೂ ಕೆಂಪೇ! ಸಿಪ್ಪೆಯ ಮೇಲೆ ಕಪ್ಪು ಮಚ್ಚೆ ಬಂದು, ಒತ್ತಿದರೆ ಬೆರಳು ಇಳಿಯಬೇಕು. ಇಲ್ಲದಿದ್ದರೆ ಬಾಯಿ ಒಗರು. ಮೇ ತಿಂಗಳ ನಮ್ಮ ಬಿಸಿಲಿಗೆ ಎರಡೇ ದಿನ ಸಾಕು. ಬೇರೆ ಊರಿನವರು ಚೆನ್ನಾಗಿ ಕಳಿತ ಪಚ್ಚಬಾಳೆ ಹಾಕಿ, ಆಗ ಕೆಳಗೆ ಹೇಳುವ ಹಾಲು ಬೇಡ.

ಅತ್ತೆ ಮೊಟ್ಟೆ ತಿನ್ನುವುದಿಲ್ಲ, ಹಾಗಾಗಿ ನನ್ನದು ಮೊಸರಿನ ಲೆಕ್ಕ. ಮೈದಾ 200 ಗ್ರಾಂ, ಸೋಸಿದ ಚಾಪುಡಿ ಎರಡು ದೊಡ್ಡ ಚಮಚ, ಅಡುಗೆ ಸೋಡಾ ಒಂದು ಸಣ್ಣ ಚಮಚ ಮಟ್ಟಸವಾಗಿ, ಉಪ್ಪು ಅರ್ಧ ಸಣ್ಣ ಚಮಚ. ಇಷ್ಟನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಕಿವುಚಿದ ಬಾಳೆಹಣ್ಣು 300 ಗ್ರಾಂ, ಸಕ್ಕರೆ 120 ಗ್ರಾಂ, ಕರಗಿಸಿದ ಬೆಣ್ಣೆ 90 ಗ್ರಾಂ, ಮೊಸರು 120 ಗ್ರಾಂ, ಹಾಲು ಮೂರು ದೊಡ್ಡ ಚಮಚ. ಮೊಸರು ಸ್ವಲ್ಪ ಹುಳಿ ಇರಲಿ, ಸೋಡಾ ಎದ್ದೇಳುವುದೇ ಆ ಹುಳಿಗೆ.

ಬೆಲ್ಲ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿ ನೋಡಿದ್ದೇನೆ. ಬ್ರೆಡ್ ಚೆನ್ನಾಗಿತ್ತು, ಆದರೆ ಚಾ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಏಲಕ್ಕಿ, ದಾಲ್ಚಿನ್ನಿಗೂ ಅದೇ ಮಾತು. ಅವು ಜೋರು ಗಂಟಲಿನವು, ಹೋಜಿಚಾ ಮೆಲ್ಲಗೆ ಮಾತಾಡುವಂಥದ್ದು.

ಜರಡಿ ಹಿಡಿದ ಹಿಟ್ಟು, ಬಾಳೆಹಣ್ಣಿನ ಮಿಶ್ರಣ ಎರಡನ್ನೂ ಕೂಡಿಸಿ ಸೌಟಿನಿಂದ ಹತ್ತು ಹನ್ನೆರಡು ಸಲ ತಿರುವಿ, ಒಣ ಹಿಟ್ಟು ಕಾಣದಂತಾದರೆ ಬಿಡಿ. ಸಣ್ಣ ಗಂಟು ಇದ್ದರೂ ಪರವಾಗಿಲ್ಲ. ಜಾಸ್ತಿ ಕಲಸಿದರೆ ಮೈದಾ ಜಿಗುಟಾಗಿ ಬ್ರೆಡ್ ರಬ್ಬರಿನಂತಾಗುತ್ತದೆ. ಬೆಣ್ಣೆ ಸವರಿದ ಉದ್ದನೆಯ ಬ್ರೆಡ್ ಟಿನ್ನಿಗೆ ಸುರಿದು ಕೂಡಲೇ ಓವನ್ನಿಗೆ ಇಡಿ. ಓವನ್ 170 ಡಿಗ್ರಿಗೆ ಮೊದಲೇ ಕಾದಿರಬೇಕು. 50ರಿಂದ 60 ನಿಮಿಷ.

ಇಲ್ಲೊಂದು ಮೋಸ ಇದೆ. ಸಾದಾ ಕೇಕ್ ಬೆಂದಿತೋ ಇಲ್ಲವೋ ಬಣ್ಣ ನೋಡಿ ಹೇಳುತ್ತೇವೆ. ಇದು ಹಸಿ ಇದ್ದಾಗಲೇ ಕಂದು, ಬಣ್ಣ ನಂಬಿದರೆ ಕೆಟ್ಟಿರಿ. 50 ನಿಮಿಷಕ್ಕೆ ನಡುಮಧ್ಯೆ ತೆಳ್ಳನೆಯ ಚಾಕು ಚುಚ್ಚಿ. ಹಸಿ ಹಿಟ್ಟು ಅಂಟಿದರೆ ಇನ್ನೂ ಐದು ನಿಮಿಷ. ಮೇಲ್ಭಾಗ ಬೇಗ ಗಟ್ಟಿಯಾದರೆ ಫಾಯಿಲ್ ಹೊದಿಸಿ. ನಾನು ಬೇಸಿಗೆಯಲ್ಲಿ ಬೆಳಗ್ಗೆ ಐದೂವರೆಗೇ ಓವನ್ ಹಚ್ಚುತ್ತೇನೆ. ಮನೆ ಕಾಯುವುದಿಲ್ಲ, ಕರೆಂಟೂ ಇರುತ್ತದೆ. ಒಂದು ಸಂಜೆ ಅರ್ಧಕ್ಕೆ ಕರೆಂಟ್ ಹೋಗಿ, ನಡು ಕುಸಿದು, ಬ್ರೆಡ್ ನಮ್ಮ ಕಲಬುರಗಿಯ ಅಪ್ಪನ ಕೆರೆಯ ಹಾಗೆ ತಗ್ಗು ಬಿದ್ದಿತ್ತು. ಓವನ್ ಬಾಗಿಲು ತೆಗೆಯದೆ ಕಾದಿದ್ದರೆ ಸ್ವಲ್ಪ ಉಳಿಯುತ್ತಿತ್ತೇನೋ, ನಾನು ನಾಲ್ಕು ಸಲ ತೆಗೆದು ನೋಡಿದ್ದೆ.

ಬಿಸಿಯಲ್ಲಿ ಕೊಯ್ಯಬೇಡಿ. ಹತ್ತು ನಿಮಿಷ ಟಿನ್ನಿನಲ್ಲಿ, ಆಮೇಲೆ ಜಾಲರಿಯ ಮೇಲೆ ಪೂರ್ತಿ ಆರಲಿ. ಅದೇ ದಿನ ಬಾಳೆಹಣ್ಣೇ ಮುಂದಿರುತ್ತದೆ, ಚಾ ರುಚಿ ಮರುದಿನ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಒಂದು ದಿನದ ಮೇಲೆ ಹೊರಗಿಡಬೇಡಿ, ಬೂಸ್ಟು ಹಿಡಿಯುತ್ತದೆ. ಫ್ರಿಜ್ಜಿನಿಂದ ತೆಗೆದ ಹೋಳನ್ನು ಬೆಣ್ಣೆ ಸವರಿ ಬಿಸಿ ಮಾಡಿ. ಅದಕ್ಕೆ ಮಾತ್ರ ದೋಸೆ ಕಾವಲಿ. ರೊಟ್ಟಿ ಹಂಚಿಗೆ ಬೆಣ್ಣೆ ತಾಗಿಸಿದರೆ ನಮ್ಮ ಅತ್ತೆ ಸುಮ್ನೆ ಬಿಡುವುದಿಲ್ಲ.