ಡಿಎನ್‌ಎ ವರದಿಯಲ್ಲಿ ‘ಹತ್ತು ಲಕ್ಷಕ್ಕೊಂದು’ ಎಂದಿದ್ದರೆ ಏನು ನೋಡಬೇಕು?

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಅಕ್ಕನ ಮಗಳು ಧಾರವಾಡದಲ್ಲಿ ವಕೀಲಿ ಮಾಡುತ್ತಾಳೆ. ಡಿಎನ್‌ಎ ವರದಿ ಇರುವ ಕೇಸು ಬಂದಾಗೆಲ್ಲ “ಚಿಕ್ಕಮ್ಮ, ಈ ನಂಬರ್ ನಂಬಬಹುದಾ?” ಎಂದು ಫೋನ್ ಮಾಡುತ್ತಾಳೆ. ಅವಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬರ ಇಡೀ ಜೀವನ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅದನ್ನು ಓದಲು ಬರಲೇಬೇಕು.

ಮೊದಲು, ಆ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ‘ಹತ್ತು ಲಕ್ಷಕ್ಕೊಂದು’ ಎಂದರೆ ಇಷ್ಟೇ: ಘಟನೆಗೆ ಸಂಬಂಧವೇ ಇಲ್ಲದ ಯಾರನ್ನೋ ತಂದು ಪರೀಕ್ಷಿಸಿದರೆ, ಅವರ ಡಿಎನ್‌ಎ ಕೂಡ ಘಟನೆಯ ಸ್ಥಳದಲ್ಲಿ ಸಿಕ್ಕ ಮಾದರಿಗೆ ಹೊಂದುವ ಸಾಧ್ಯತೆ ಅಷ್ಟು. ಆರೋಪಿ ನಿರಪರಾಧಿ ಆಗಿರುವ ಸಾಧ್ಯತೆ ಅಷ್ಟು ಎಂದಲ್ಲ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಒಂದು ಕೋಟಿ ಜನರಿರುವ ನಗರ ಎಂದುಕೊಳ್ಳಿ. ಏನೂ ಮಾಡದೆ ಸುಮ್ನೆ ಹೊಂದುವವರೇ ಸುಮಾರು 10 ಜನ. ನಿಜವಾದ ಅಪರಾಧಿಯನ್ನೂ ಸೇರಿಸಿದರೆ 11. ಬೇರೆ ಸಾಕ್ಷ್ಯವೇ ಇಲ್ಲದಿದ್ದರೆ, ಕಟಕಟೆಯಲ್ಲಿ ನಿಂತವನೇ ಅವನು ಎನ್ನುವ ಸಾಧ್ಯತೆ 11ರಲ್ಲಿ 1. ಆದರೆ ಆ ಹೊತ್ತಿನಲ್ಲಿ ಆ ಜಾಗದಲ್ಲಿ ಇರಲು ಸಾಧ್ಯವಿದ್ದವರು 200 ಜನ ಮಾತ್ರ ಎಂದು ಸಾಬೀತಾದರೆ, ಅದೇ ವರದಿ ಬಹಳ ಗಟ್ಟಿಯಾಗುತ್ತದೆ. ಹಾಗಾಗಿ ಸಂಖ್ಯೆಯನ್ನು ಒಂಟಿಯಾಗಿ ಓದಬೇಡಿ.

ಎರಡನೆಯದು, ಯಾವುದನ್ನು ಯಾವುದರಿಂದ ಗುಣಿಸಿದ್ದಾರೆ ಎಂದು ಕೇಳಿ. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಕೇಸನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಆಕೆಯ ಇಬ್ಬರು ಹಸುಗೂಸುಗಳು, ಒಂದು 1996ರಲ್ಲಿ, ಇನ್ನೊಂದು 1998ರಲ್ಲಿ, ಹಠಾತ್ತಾಗಿ ತೀರಿಕೊಂಡವು. ತಾಯಿಯೇ ಕೊಂದಳು ಎಂದು ಕೇಸಾಯಿತು. ಅವರಂಥ ಅನುಕೂಲಸ್ಥ, ಸಿಗರೇಟು ಸೇದದ ಕುಟುಂಬದಲ್ಲಿ ಮಗು ಕಾರಣ ತಿಳಿಯದೆ ಸಾಯುವ ಸಾಧ್ಯತೆ 8,543ಕ್ಕೆ 1 ಎಂದು ಮಕ್ಕಳ ತಜ್ಞ ರಾಯ್ ಮೆಡೋ ಸಾಕ್ಷಿ ಹೇಳಿದರು. ಎರಡು ಮಕ್ಕಳಾದ್ದರಿಂದ ಅದನ್ನು ಅದರಿಂದಲೇ ಗುಣಿಸಿ 7.3 ಕೋಟಿಗೆ 1 ಎಂದರು. ಹಾಗೆ ಗುಣಿಸಬೇಕಾದರೆ ಎರಡು ಸಾವುಗಳಿಗೆ ಒಂದಕ್ಕೊಂದು ಸಂಬಂಧವೇ ಇರಬಾರದು. ಆದರೆ ಇಬ್ಬರೂ ಒಂದೇ ತಾಯಿತಂದೆಯ ಮಕ್ಕಳು. ರಕ್ತ ಒಂದೇ, ಮನೆ ಒಂದೇ. ಮೊದಲ ಮಗುವಿಗೆ ಇದ್ದ ಅಪಾಯ ಎರಡನೆಯದಕ್ಕೂ ಇರಬಹುದು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಸಹಜ ಸಾವು ಎಷ್ಟು ಅಪರೂಪ ಎಂದು ಹೇಳಿದರು. ತಾಯಿಯೊಬ್ಬಳು ಎರಡೂ ಮಕ್ಕಳನ್ನು ಕೊಲ್ಲುವುದು ಎಷ್ಟು ಅಪರೂಪ ಎಂದು ಯಾರೂ ಪಕ್ಕದಲ್ಲಿಟ್ಟು ನೋಡಲಿಲ್ಲ. ಅದೂ ಅಪರೂಪವೇ. ಎರಡನ್ನೂ ತೂಗಿದಾಗ ಮಾತ್ರ ಸಾಕ್ಷ್ಯ ಯಾವ ಕಡೆ ವಾಲುತ್ತದೆ ಎಂದು ಗೊತ್ತಾಗುತ್ತದೆ. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 2001ರಲ್ಲಿ ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞರ ಸಂಘವಾದ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಆ ಲೆಕ್ಕಕ್ಕೆ ಬುಡವೇ ಇಲ್ಲ ಎಂದು ಬಹಿರಂಗವಾಗಿ ಹೇಳಿತು. ಎರಡನೇ ಮಗುವಿನ ಸೋಂಕಿನ ಪರೀಕ್ಷಾ ಫಲಿತಾಂಶವನ್ನು ವೈದ್ಯರು ಮುಂದಿಟ್ಟೇ ಇರಲಿಲ್ಲ ಎಂಬುದು ಹೊರಬಿದ್ದು, 2003ರಲ್ಲಿ ಶಿಕ್ಷೆ ರದ್ದಾಯಿತು. 2007ರಲ್ಲಿ ಆಕೆ ತೀರಿಕೊಂಡರು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ತಜ್ಞರಿಗೆ ಎರಡು ಪ್ರಶ್ನೆ ಕೇಳಿ: ಪ್ರಾಸಿಕ್ಯೂಷನ್ ಹೇಳುವುದು ನಿಜವಾದರೆ ಈ ಫಲಿತಾಂಶ ಬರುವ ಸಾಧ್ಯತೆ ಎಷ್ಟು? ಆರೋಪಿ ಹೇಳುವುದು ನಿಜವಾದರೆ ಎಷ್ಟು? ಒಂದಕ್ಕೆ ಇನ್ನೊಂದು ಎಷ್ಟು ಪಟ್ಟು ಎಂಬುದೇ ಆ ಸಾಕ್ಷ್ಯದ ತೂಕ.

ಮೂರನೆಯದು ಮನುಷ್ಯರ ಕೈತಪ್ಪು. ವರದಿಯಲ್ಲಿ ‘ನೂರು ಕೋಟಿಗೊಂದು’ ಎಂದೇ ಇರಲಿ. ಸಾವಿರಕ್ಕೆ ಒಂದು ಸಲ ಟ್ಯೂಬಿನ ಚೀಟಿ ಅದಲು ಬದಲಾಗಿ ತಪ್ಪು ಹೊಂದಿಕೆ ಬರುತ್ತದೆ ಎಂದರೆ, ನಿಮ್ಮ ಲೆಕ್ಕಕ್ಕೆ ಬರುವುದು ಆ ಸಾವಿರಕ್ಕೊಂದೇ. ನೂರು ಕೋಟಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಮಹಜರು, ಸೀಲು, ಮುದ್ದೆಮಾಲು (ವಶಪಡಿಸಿಕೊಂಡ ವಸ್ತುಗಳ) ರಿಜಿಸ್ಟರಿನ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಯುವತಿಯೊಬ್ಬಳ ಅತ್ಯಾಚಾರ, ಕೊಲೆಯ ದೆಹಲಿಯ ಛಾವಲಾ ಪ್ರಕರಣದಲ್ಲಿ 2012ರ ಫೆಬ್ರವರಿ 14 ಮತ್ತು 16ರಂದು ವಶಪಡಿಸಿಕೊಂಡ ಮಾದರಿಗಳು ಲ್ಯಾಬಿಗೆ ಹೋಗಿದ್ದು 27ಕ್ಕೆ. ಅಲ್ಲಿಯವರೆಗೆ ಠಾಣೆಯಲ್ಲೇ ಇದ್ದವು. ಡಿಎನ್‌ಎ ಹೊಂದಿದೆ ಎಂಬ ತೀರ್ಮಾನಕ್ಕೆ ತಜ್ಞರು ಹೇಗೆ ಬಂದರು ಎಂದು ಕೆಳಗಿನ ಎರಡೂ ಕೋರ್ಟುಗಳು ಪರಿಶೀಲಿಸಲಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಲ್ಲು ಶಿಕ್ಷೆಯಾಗಿದ್ದ ಮೂವರೂ ಬಿಡುಗಡೆಯಾದರು.

ಆರೋಪಿಗೆ ಅಣ್ಣತಮ್ಮಂದಿರಿದ್ದರೆ ಅದನ್ನೂ ಕೇಳಿ. ಅವರ ಡಿಎನ್‌ಎ ಹೊಂದುವ ಸಾಧ್ಯತೆ ಹೊರಗಿನವರಿಗಿಂತ ತುಂಬಾ ಜಾಸ್ತಿ.

ಇನ್ನು, ವರದಿಯಲ್ಲಿ ಸಂಖ್ಯೆಯೇ ಇಲ್ಲದೆ ಬರೀ ‘ಹೊಂದಿಕೆಯಾಗಿದೆ’ ಎಂದಿದ್ದರೆ ಅದನ್ನು ಹಾಗೇ ಒಪ್ಪಿಕೊಳ್ಳಬೇಡಿ. ಸರ್ಕಾರಿ ತಜ್ಞರ ವರದಿಯನ್ನು ಅವರು ಬಾರದೆಯೂ ಸಾಕ್ಷ್ಯವಾಗಿ ಬಳಸಬಹುದು ಎನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಿನ) 329ನೇ ಕಲಮೇ, ಕೋರ್ಟ್ ಅವರನ್ನು ಕರೆಸಬಹುದು ಎಂದೂ ಹೇಳುತ್ತದೆ. ಕರೆಸಿ ಎಂದು ಅರ್ಜಿ ಹಾಕಿ. ಜೊತೆಗೆ ಯಂತ್ರದಿಂದ ಬಂದ ಮೂಲ ಗ್ರಾಫ್‌ಗಳ ಪ್ರತಿ ಕೇಳಿ. ಪಾಟೀಸವಾಲಿಗೆ ನಿಲ್ಲುವ ಮುಂಚೆ ಸಂಖ್ಯಾಶಾಸ್ತ್ರ ಬಲ್ಲ ಒಬ್ಬರ ಜೊತೆ ಕೂತು ಅವನ್ನು ನೋಡಿ.