ಸಾವಿರದ ಇನ್ನೂರು ಡಿಸ್ಕು, ಒಂದೇ ಕ್ರಮಸಂಖ್ಯೆ

ದಾವಣಗೆರೆಯ ನಮ್ಮ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ 1,200 ಸಿಡಿ, ಡಿವಿಡಿ ಡಿಸ್ಕುಗಳಿದ್ದವು. ಕಂಪನಿ ನಾಟಕ, ವಚನ ಗಾಯನ, ಹರಿಕಥೆ, ದುಗ್ಗಮ್ಮನ ಜಾತ್ರೆಯಲ್ಲಿ ನಾನೇ ಚಿತ್ರೀಕರಿಸಿದ್ದು, ನೆಂಟರ ಮದುವೆಗಳು. ಇವನ್ನೆಲ್ಲ ವಿಷಯವಾರು ಬೇರ್ಪಡಿಸದೆ ಬರೀ ಕ್ರಮಸಂಖ್ಯೆಯಲ್ಲಿ ಇಡುತ್ತೇನೆ ಎಂದಾಗ ಗೆಳೆಯರು ಒಪ್ಪಲಿಲ್ಲ. “ಹರಿಕಥೆಯ ಪಕ್ಕ ಮದುವೆ ಕೂತರೆ ಹುಡುಕುವುದು ಹೇಗಣ್ಣ?” ಎಂದರು. ಈಗ ಯಾವುದನ್ನು ಕೇಳಿದರೂ ಎರಡು ನಿಮಿಷದಲ್ಲಿ ತೆಗೆದುಕೊಡುತ್ತೇನೆ.

ವಿಷಯವಾರು ಜೋಡಣೆ ಮಾಡಿ ಸೋತವನು ನಾನು. ಒಂದೇ ಡಿಸ್ಕಿನಲ್ಲಿ ಅರ್ಧ ನಾಟಕ, ಅರ್ಧ ರಂಗಗೀತೆ ಇದ್ದರೆ ಯಾವ ಡಬ್ಬಿಗೆ ಹಾಕುವುದು? ನಾಟಕದ ಡಬ್ಬಿ ತುಂಬಿತೆಂದರೆ ಮುಂದಿನವನ್ನೆಲ್ಲ ಸರಿಸಬೇಕು. ಎರಡು ಬೇಸಿಗೆ ಅದರಲ್ಲೇ ಕಳೆದವು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬಣ್ಣದ ಅಂಟುಚೀಟಿಗಳಿಂದ. ಸುಮಾರು 300 ಡಿಸ್ಕುಗಳಿಗೆ ಅಂಟಿಸಿದ್ದೆ. ನಮ್ಮೂರ ಬಿಸಿಲಿಗೆ ಚೀಟಿಯ ಅಂಚು ಎದ್ದು, ಡ್ರೈವಿನೊಳಗೆ ಡಿಸ್ಕು ಅದುರತೊಡಗಿತು. ಕಿತ್ತರೆ ಸಿಡಿಯ ಬೆಳ್ಳಿ ಪದರವೇ ಚೀಟಿಯ ಜೊತೆ ಬಂತು. ಹಾಗೆ 40ರಷ್ಟು ಹಾಳಾದವು. ನಮ್ಮ ತಂದೆ ಪಾತ್ರ ಮಾಡಿದ್ದ ನಾಟಕವೂ ಅದರಲ್ಲಿ ಹೋಯಿತು. ಆ ನೋವು ಇನ್ನೂ ಆರಿಲ್ಲ. ಈಗ ನಡುವಿನ ಪಾರದರ್ಶಕ ಉಂಗುರದ ಮೇಲೆ ಮಾರ್ಕರಿನಿಂದ ನಾಲ್ಕು ಅಂಕಿ ಬರೆಯುತ್ತೇನೆ, ಅಷ್ಟೇ. ಅಲ್ಲಿ ಕೆಡಲು ಏನೂ ಇಲ್ಲ.

ವಿಷಯ, ಕಲಾವಿದರು, ಊರು ಎಲ್ಲ ಇರುವುದು ಎಕ್ಸೆಲ್ ಪಟ್ಟಿಯಲ್ಲಿ. ಮೊದಲ ಪಟ್ಟಿಯನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ್ದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. 700 ಸಾಲುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪಿದ ಅರ್ಕಾವತ್ತುಗಳನ್ನು ಒಂದೊಂದಾಗಿ ತಿದ್ದುವಷ್ಟರಲ್ಲಿ ತಿಂಗಳು ಕಳೆಯಿತು.

ಪ್ರತಿ ಡಿಸ್ಕನ್ನೂ ಹಾರ್ಡ್ ಡಿಸ್ಕಿಗೆ ನಕಲು ಮಾಡುತ್ತೇನೆ. ಅಲ್ಲಿನ ಫೋಲ್ಡರಿಗೂ ಡಿಸ್ಕಿನದೇ ಸಂಖ್ಯೆ. ಕಡತದ ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಒಂದು ಹಳೆಯ ಹಾರ್ಡ್ ಡಿಸ್ಕು ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿತ್ತು. ಒಂದೇ ಕಡತವಾಗಿ 4 ಜಿಬಿ ಮೀರಿದ ಡಿವಿಡಿ ಪ್ರತಿ ಅದರಲ್ಲಿ ಹಿಡಿಯುವುದಿಲ್ಲ ಎಂದು ಹೊಳೆಯುವ ಹೊತ್ತಿಗೆ ಒಂದು ಭಾನುವಾರ ಮುಗಿದಿತ್ತು.

ಖರ್ಚು: 4 ಟಿಬಿಯ ಎರಡು ಹಾರ್ಡ್ ಡಿಸ್ಕುಗಳಿಗೆ 19,000ದ ಆಸುಪಾಸು, ಡ್ರೈವುಗಳಿಗೆ ಮೂರೂವರೆ ಸಾವಿರ, ಕವರುಗಳಿಗೆ ಎರಡು ಸಾವಿರ. ಮನೆಯಲ್ಲಿ ಮಾತು ಕೇಳಬೇಕಾಯಿತು. ಎರಡನೆಯ ಹಾರ್ಡ್ ಡಿಸ್ಕು ಚಿತ್ರದುರ್ಗದ ಅಕ್ಕನ ಮನೆಯಲ್ಲಿದೆ. ಒಂದೇ ಮನೆಯಲ್ಲಿ ಎರಡು ಪ್ರತಿ ಇಟ್ಟರೆ ಅದು ಒಂದೇ ಪ್ರತಿ.

ಗೀರು ಬಿದ್ದವಕ್ಕೆ ಟೂತ್‌ಪೇಸ್ಟ್ ಹಚ್ಚಿ ನಡುವಿನಿಂದ ಅಂಚಿಗೆ ನೇರವಾಗಿ ಉಜ್ಜಿ ನೋಡಿದೆ. 25ರಲ್ಲಿ ಎಂಟೋ ಒಂಬತ್ತೋ ಓದಿದವು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಗುಜರಿಯಲ್ಲಿ 150 ರೂಪಾಯಿಗೆ ಸಿಕ್ಕ ಹಳೆಯ ಡ್ರೈವು. ಹೊಸ ಡ್ರೈವು ಒಲ್ಲೆನೆಂದ ಡಿಸ್ಕುಗಳನ್ನು ಅದು ನಿಧಾನವಾಗಿ ಓದುತ್ತದೆ. ಅದು ಯಾವ ತಯಾರಿಕೆಯದು, ವೇಗವನ್ನು ಎಷ್ಟಕ್ಕೆ ಇಳಿಸಿದ್ದೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇನ್ನೂ ಓದದ 60ರಷ್ಟು ಡಿಸ್ಕುಗಳು ಬೇರೆ ಡಬ್ಬಿಯಲ್ಲಿವೆ. ಅವಕ್ಕೂ ಸಂಖ್ಯೆ ಕೊಟ್ಟಿದ್ದೇನೆ. ಮಳೆಗಾಲ ಬಂದು ಅಟ್ಟ ತಣ್ಣಗಾದ ಮೇಲೆ ಒಂದೊಂದಾಗಿ ಆ ಹಳೆಯ ಡ್ರೈವಿಗೆ ಹಾಕಬೇಕು.