ಅಳದ ಮಗುವಿನ ನಾಡಿ

ತಮ್ಮ ಹುಟ್ಟಿದಾಗ ನನಗೆ 3 ವರ್ಷ. ಅಮ್ಮನಿಗೆ ನೌಕರಿ ಬೇರೆ. ನನ್ನನ್ನು ಅಜ್ಜಿಯ ಮನೆಯಲ್ಲಿ ಬಿಟ್ಟರು. ತಿಂಗಳಿಗೊಮ್ಮೆ ಅಮ್ಮ ಬಂದು ಹೊರಟಾಗ ನಾನು ಬಾಗಿಲಿಗೂ ಬರುತ್ತಿರಲಿಲ್ಲವಂತೆ, ಜಗುಲಿಯಲ್ಲಿ ಹುಣಸೆ ಬೀಜ ಎಣಿಸುತ್ತಿದ್ದೆನಂತೆ. ‘ಎಂಥ ಜಾಣೆ, ಒಂದು ದಿನ ಹಠ ಮಾಡಿದವಳಲ್ಲ’ ಎಂದು ಊರೆಲ್ಲ ಹೊಗಳಿತು.

ಆ ಜಾಣತನ ಮದುವೆಯಾದ ಮೇಲೆ ಕೈಕೊಟ್ಟಿತು. ಗಂಡ ಸ್ವಲ್ಪ ದನಿಯೆತ್ತಿದರೆ ಸಾಕು, ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದೆ. ಆಮೇಲೆ ಎರಡು ದಿನ ಮಾತಿಲ್ಲ. ‘ನಿನಗೆ ಏನೂ ಅನ್ನಿಸುವುದೇ ಇಲ್ಲವೇ?’ ಎಂದು ಅವರು ಕೇಳಿದರೆ, ಇಲ್ಲವೆಂದೇ ನಾನೂ ನಂಬಿದ್ದೆ.

ಆಪ್ತಸಮಾಲೋಚಕಿಯೊಬ್ಬರು, ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಸಿದ ಪ್ರಯೋಗದ ಬಗ್ಗೆ ಹೇಳಿದರು. ವರ್ಷದ ಆಸುಪಾಸಿನ ಮಗು, ಆಟಿಕೆಗಳಿರುವ ಕೋಣೆ. ಸುಮಾರು 20 ನಿಮಿಷದಲ್ಲಿ ತಾಯಿ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ಕೆಲವು ಮಕ್ಕಳು ಅಳುವುದಿಲ್ಲ, ತಾಯಿ ಮರಳಿದರೂ ಆಟಿಕೆಯಿಂದ ತಲೆಯೆತ್ತುವುದಿಲ್ಲ. ಅಂಥ ಮಕ್ಕಳ ಎದೆಬಡಿತವನ್ನು ಬೇರೆ ಸಂಶೋಧಕರು ಅಳೆದು ನೋಡಿದರೆ, ಅದು ಏರಿಯೇ ಇತ್ತು.

ಮುಂದಿನ ಜಗಳದಲ್ಲಿ, ಒಂದು ಕೈಯಲ್ಲಿ ತಿಕ್ಕುವ ನಾರು ಹಿಡಿದುಕೊಂಡೇ, ನಾಡಿ ಎಣಿಸಿದೆ. 108. ಏನೂ ಅನ್ನಿಸದವಳ ನಾಡಿ!

ಆ ಪ್ರಯೋಗದಲ್ಲಿ ಮಗುವನ್ನು ಅಳೆಯುವುದು ತಾಯಿ ಹೋಗುವಾಗಿನ ನಡವಳಿಕೆಗಿಂತ ಹೆಚ್ಚಾಗಿ ಮರಳಿ ಬಂದಾಗಿನ ನಡವಳಿಕೆಯಿಂದ. ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಹುಟ್ಟಿದ್ದೇ ಇದರಿಂದ. ಎದ್ದು ಹೋಗಬಹುದು, ಆದರೆ ‘ಅರ್ಧ ಗಂಟೆ ಕೊಡಿ’ ಎಂದು ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ಮರಳಬೇಕು. ಹೇಳುವುದು ಸುಲಭವಾಗಿತ್ತು, ಮರಳುವುದು ನರಕ. ಎದುರಿಗೆ ಬಂದು ಕಂಬದಂತೆ ನಿಲ್ಲುತ್ತಿದ್ದೆ. ಒಮ್ಮೆ ಬಾಯಿಂದ ಹೊರಟದ್ದು ‘ಮಜ್ಜಿಗೆ ಬೇಕೇ?’ ಎಂಬುದಷ್ಟೇ. ಪುಣ್ಯಾತ್ಮ ಅದನ್ನೂ ಮಾತೆಂದೇ ಲೆಕ್ಕ ಹಿಡಿದರು. ಎರಡು ದಿನದ ಮೌನ ಒಂದು ಸಂಜೆಗೆ ಇಳಿಯಲು ವರ್ಷವೇ ಹಿಡಿಯಿತು.

ಅಂಥ ಅಳದ ಮಕ್ಕಳಿಗೆ ಅಂಟಿಸುವ ‘ದೂರ ಸರಿಯುವವಳು’ ಎಂಬ ಹಣೆಪಟ್ಟಿ ಮಾತ್ರ ನನಗೆ ಇಷ್ಟವಿಲ್ಲ. ಅಜ್ಜಿ ಸಂತೆಯಿಂದ ಬಂದರೆ ಓಡಿಹೋಗಿ ಸೆರಗು ಹಿಡಿಯುತ್ತಿದ್ದವಳೂ ನಾನೇ. ಮಗು ಎಲ್ಲರೊಂದಿಗೂ ಒಂದೇ ಬಗೆಯಲ್ಲಿ ಇರುವುದಿಲ್ಲ.

ಕಳೆದ ಯುಗಾದಿಗೆ ಅಮ್ಮನನ್ನು ಕೇಳಿಯೇಬಿಟ್ಟೆ. ಬೇವಿನ ಎಲೆ ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: ‘ನೀನು ಅತ್ತಿದ್ದರೆ ಕರೆದುಕೊಂಡು ಬಂದುಬಿಡುತ್ತಿದ್ದೆನೇನೋ. ನೀನು ಅಳಲೇ ಇಲ್ಲವಲ್ಲೇ.’

ಕಾಲು ತಾನಾಗಿ ಅಡುಗೆಮನೆಯತ್ತ ತಿರುಗಿತು. ಹೊಸ್ತಿಲಲ್ಲಿ ನಿಂತು, ‘ಹತ್ತು ನಿಮಿಷ, ಅಮ್ಮಾ, ಬರುತ್ತೇನೆ’ ಎಂದೆ.